ಮೂರು ದಿನದಲ್ಲಿ ನೋವು ಮಾಯವಾದರೆ ಅನುಮಾನಿಸಿ

ಬುಕ್ಕಸಾಗರದ ಸುತ್ತಲಿನ ಬಾಳೆ, ಕಬ್ಬು, ಭತ್ತದ ಹೊಲಗದ್ದೆಗಳಲ್ಲಿ ದುಡಿಯುವವರನ್ನು ನಾವು ಮೂರು ದಶಕಗಳಿಗೂ ಮೀರಿ ಉಪಚರಿಸುತ್ತ ಬಂದಿದ್ದೇವೆ. ಬಾಳೆಗೊನೆ ಹೊತ್ತು ಸೋತ ಹೆಗಲು, ನಾಟಿಯ ಕೆಸರಿನಲ್ಲಿ ದಿನವಿಡೀ ಬಾಗಿದ ಸೊಂಟ, ಕಬ್ಬು ಕಡಿದು ಊದಿದ ಮಣಿಕಟ್ಟು ನಮಗೆ ನಿತ್ಯದ ದರ್ಶನ. ಕಾಯಕವನ್ನೇ ಪೂಜೆಯೆಂದು ನಂಬಿದವರಿಗೆ ಕೀಲುನೋವು ಕೇವಲ ವ್ಯಾಧಿಯಲ್ಲ, ಕಾಯಕವೇ ನಿಂತೀತೆಂಬ ಭಯ. ಆ ಭಯವನ್ನು ಬಂಡವಾಳ ಮಾಡಿಕೊಂಡಿರುವ ಔಷಧ ವ್ಯಾಪಾರದ ಕುರಿತು ಭಕ್ತರಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಅರುವತ್ತು ದಾಟಿದ ತಾಯಿಯೊಬ್ಬರನ್ನು ಮನೆಯವರು ನಮ್ಮಲ್ಲಿಗೆ ಕರೆತಂದರು. ಮೊಣಕಾಲು ನೋವಿಗೆಂದು ಸಂತೆಯಲ್ಲಿ ಕೊಂಡ ‘ಆಯುರ್ವೇದ’ ಪುಡಿಯನ್ನು ಅವರು ಎರಡು ವರ್ಷ ಸೇವಿಸಿದ್ದರು. ಮೂರೇ ದಿನದಲ್ಲಿ ನೋವು ಹೋಗಿತ್ತಂತೆ. ಆದರೆ ಮುಖ ಊದಿ ದುಂಡಗಾಗಿತ್ತು, ಚರ್ಮ ತೆಳುವಾಗಿ ಮುಟ್ಟಿದಲ್ಲೆಲ್ಲ ಕಂದುತ್ತಿತ್ತು, ರಕ್ತದ ಸಕ್ಕರೆ ಏರಿತ್ತು. ಪುಡಿ ಮುಗಿದು ವಾರ ಕಳೆಯುವಷ್ಟರಲ್ಲಿ ಹಾಸಿಗೆಯಿಂದ ಏಳಲಾರದ ನಿತ್ರಾಣ. ಪೊಟ್ಟಣದ ಮೇಲೆ ತಯಾರಕರ ಹೆಸರಾಗಲಿ ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ಲಕ್ಷಣಗಳೆಲ್ಲವೂ ಸ್ಟಿರಾಯ್ಡ್ ಬೆರಕೆಯನ್ನೇ ಸೂಚಿಸುತ್ತಿದ್ದವು. ಕೂಡಲೇ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದರು.

ಅಂದು ಅವರು ಕೇಳಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ: “ಆಯುರ್ವೇದದಾಗ ಏನೂ ತ್ರಾಸಿಲ್ಲ ಅಂತ ನೀವೇ ಹೇಳಿದ್ರಲ್ರೀ ಡಾಕ್ಟ್ರೇ?” ಹೌದು, ನಾವೇ ಹೇಳಿದ್ದೆವು, ವೇದಿಕೆಗಳ ಮೇಲೆ ನಿಂತು ಹೇಳಿದ್ದೆವು. ಗುಣ ಮಾಡುವ ಶಕ್ತಿಯುಳ್ಳ ದ್ರವ್ಯಕ್ಕೆ ಕೆಡಿಸುವ ಶಕ್ತಿಯೂ ಇರುತ್ತದೆಂಬುದನ್ನು ನಮ್ಮ ಶಾಸ್ತ್ರವೇ ಬಲ್ಲದು. ಅಂದಿನಿಂದ ಆ ಮಾತನ್ನು ಬಿಟ್ಟೆವು.

ಮೂಳೆಗೂ ಮಾಂಸಖಂಡಕ್ಕೂ ಬೆಸುಗೆಯಾಗಿರುವ ಸ್ನಾಯುರಜ್ಜುವನ್ನು ಆಯುರ್ವೇದವು ಕಂಡರವೆಂದು ಕರೆಯುತ್ತದೆ. ಅದಕ್ಕೆ ರಕ್ತಸಂಚಾರ ಕಡಿಮೆ. ಆದುದರಿಂದ ಅದು ಮಾಯಲು ದಿನಗಳಲ್ಲ, ತಿಂಗಳುಗಳೇ ಬೇಕು. ಮೂರು ದಿನದಲ್ಲಿ ನೋವು ಅಡಗಿತೆಂದರೆ ಗಾಯ ಮಾಗಿತೆಂದಲ್ಲ, ನೋವಿನ ಬಾಯಿ ಮುಚ್ಚಿಸಲಾಗಿದೆ ಎಂದರ್ಥ.

ಎಲ್ಲ ಕೀಲುನೋವೂ ಒಂದೇ ಅಲ್ಲ. ವಯಸ್ಸಿನೊಡನೆ ಸವೆಯುವ ಸಂಧಿಗತವಾತಕ್ಕೆ ಎಣ್ಣೆ ನೀವುವುದು ಹಿತ. ಬೆಳಿಗ್ಗೆ ಕೈಬೆರಳುಗಳು ಊದಿ ಬಿಗಿಯುವ ಆಮವಾತದ ಆರಂಭದಲ್ಲಿ ಎಣ್ಣೆ ನಿಷಿದ್ಧ, ಬಿಸಿ ಮರಳಿನ ಒಣ ಶಾಖವೇ ಉಚಿತ. ಹೆಬ್ಬೆರಳ ಬುಡದಲ್ಲಿ ಉರಿಯುವ ವಾತರಕ್ತದ ಚಿಕಿತ್ಸೆಯೇ ಬೇರೆ. ರೋಗವನ್ನು ನೋಡದೆ ಎಲ್ಲಕ್ಕೂ ಒಂದೇ ಪುಡಿ ಕೊಡುವವನು ವೈದ್ಯನಲ್ಲ.

ಅಂಗಡಿಯ ಮಾತ್ರೆಗಳ ಮಾತೂ ಅಷ್ಟೇ. ಅಮೆರಿಕದಲ್ಲಿ 1,583 ಮೊಣಕಾಲು ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲುಕೋಸಮಿನ್, ಕಾಂಡ್ರಾಯ್ಟಿನ್‌ಗಳು ಒಟ್ಟಾರೆಯಾಗಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ನಮ್ಮ ಶಲ್ಲಕಿಯು ಸಂಧಿಗತವಾತದ ನೋವನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಲಕ್ಕಿಸೊಪ್ಪಿನ ಶಾಖವೂ ಹಿತ. ಆದರೆ ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲ. ಇದೆಯೆನ್ನುವವರನ್ನು ನಂಬಬೇಡಿ.

ಹೆಚ್ಚು ಫಲ ಕೊಡುವುದು ಹಣವಿಲ್ಲದೆ ದೊರೆಯುವಂಥದು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್‌ಸನ್ 1998ರಲ್ಲಿ ಹಿಮ್ಮಡಿಯ ಮೇಲಿನ ರಜ್ಜು ನೋಯುತ್ತಿದ್ದ 15 ಜನರಿಗೆ ಹಿಮ್ಮಡಿಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮವನ್ನು 12 ವಾರ ಮಾಡಿಸಿದರು. ಅವರು ಮತ್ತೆ ಓಡತೊಡಗಿದರು. ಪೂರ್ಣ ವಿಶ್ರಾಂತಿಯಿಂದ ರಜ್ಜು ದುರ್ಬಲವಾಗುತ್ತದೆ, ಹದವಾದ ದುಡಿಮೆಯಿಂದ ಗಟ್ಟಿಯಾಗುತ್ತದೆ. ಕಾಯಕದ ಹದವೂ ಅದೇ ಅಲ್ಲವೇ?

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟು. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ದಿನಾಂಕ ಇಲ್ಲದ ಪೊಟ್ಟಣವನ್ನು ಮನೆಯೊಳಗೆ ತರಬೇಡಿ. ಈಗಾಗಲೇ ಬಹುಕಾಲ ಸೇವಿಸುತ್ತಿದ್ದರೆ ತಟ್ಟನೆ ನಿಲ್ಲಿಸದೆ, ಪೊಟ್ಟಣ ಸಮೇತ ವೈದ್ಯರನ್ನು ಕಾಣಿ. ಸ್ಟಿರಾಯ್ಡ್ ಇದ್ದಲ್ಲಿ ಒಮ್ಮೆಲೇ ಬಿಡುವುದು ಪ್ರಾಣಾಪಾಯಕರ. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವವರು ಗುಗ್ಗುಳು ಮೊದಲಾದವನ್ನು ತಾವಾಗಿಯೇ ಆರಂಭಿಸಬಾರದು.

ಕೊನೆಗೊಂದು ಮಾತು. ಪದ್ಮಾಸನ ಹಾಕಲಾಗದೆ ಕುರ್ಚಿಯಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಬೇಕಾಗಿದೆಯೆಂದು ಹಿರಿಯರು ಸಂಕೋಚದಿಂದ ನಮ್ಮಲ್ಲಿ ಹೇಳಿಕೊಳ್ಳುತ್ತಾರೆ. ಆ ಸಂಕೋಚಕ್ಕಾಗಿಯೇ ಕೆಲವರು ಪುಡಿಯ ಮೊರೆ ಹೋಗಿದ್ದಾರೆ. ಲಿಂಗವಿರುವುದು ಅಂಗೈಯಲ್ಲಿ, ಮೊಣಕಾಲಿನಲ್ಲಲ್ಲ. ನಿಶ್ಚಿಂತೆಯಿಂದ ಕುರ್ಚಿಯಲ್ಲಿ ಕುಳಿತುಕೊಳ್ಳಿ.