ಸೀಟಿಗೂ ಬಾಯಿ ಬೇಕು

೨೦೨೩ರ ಮಾರ್ಚ್ ೩ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದರು. ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವ ಮುನ್ನವೇ ಚೆಂಡು ಬಲೆ ಸೇರಿತು. ತೀರ್ಪುಗಾರರು ಗೋಲೆಂದರು; ಕೇರಳದವರು ಆಟ ಬಿಟ್ಟು ಹೊರನಡೆದರು. ಗೆಲುವು ನಮ್ಮ ಬೆಂಗಳೂರಿಗೆ, ೪ ಕೋಟಿ ರೂಪಾಯಿ ದಂಡ ಅವರಿಗೆ.

ಸೀಟಿಗೆ ಕಾಯದೆ ಒದೆಯಲು ನಿಯಮದಲ್ಲಿ ಅವಕಾಶವುಂಟು, ನಿಜ. ಆಟ ಬಿಟ್ಟು ನಡೆದದ್ದೂ ತಪ್ಪೇ. ಆದರೆ ಒಂದು ದಿನ ಗೋಡೆಯ ದೂರ ಅಳೆದು, ಸೀಟಿ ಊದುವವರೆಗೆ ತಡೆಯುವ ತೀರ್ಪುಗಾರಿಕೆ ಇನ್ನೊಂದು ದಿನ ಸುಮ್ಮನಿರುವುದೇಕೆ? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣವೆಂದು ಕಾಸು ಕೊಟ್ಟು ಬಂದ ಪ್ರೇಕ್ಷಕ ಗೊಣಗಿದರೆ ಅವನನ್ನು ಹುಚ್ಚು ಅಭಿಮಾನಿಯೆಂದು ಜರೆಯುವುದು ಸಲ್ಲದು. ತೀರ್ಪಿನ ಕಾರಣ ಕೇಳುವುದು ಅವನ ಹಕ್ಕು.

ಅಮೆರಿಕದವರ ಫುಟ್‌ಬಾಲಿನಲ್ಲಿ ದಂಡ ವಿಧಿಸಿದ ತೀರ್ಪುಗಾರ ತಪ್ಪೇನು, ಯಾರದು ಎಂಬುದನ್ನು ಧ್ವನಿವರ್ಧಕದಲ್ಲಿ ಸಾರುತ್ತಾನೆ. ಅಲ್ಲಿಯೂ ಜಗಳ ನಿಂತಿಲ್ಲ. ಆದರೆ ಜಗಳವಾಡುವುದಕ್ಕೆ ಕಾರಣವೊಂದು ಎದುರಿಗಿರುತ್ತದೆ. ಹುಲ್ಲಹಳ್ಳಿಯಂಥ ಊರಿನ ಅರಳಿಕಟ್ಟೆಯ ನ್ಯಾಯದಲ್ಲೂ ದಂಡಕ್ಕೆ ಮುನ್ನ ತಪ್ಪನ್ನು ಹೇಳುತ್ತಾರೆ. ಕೋಟಿಗಳ ಲೀಗಿಗೆ ಅಷ್ಟೂ ಆಗದೆ? ಗೆದ್ದ ನಾಡಿನವರೇ ಇದನ್ನು ಕೇಳಬೇಕು. ಸೋತವರು ಕೇಳಿದರೆ ಹೊಟ್ಟೆಕಿಚ್ಚು ಎನ್ನುತ್ತಾರೆ.