ಒಂದು ಮಾತ್ರೆಯ ಬೆಲೆ: ಹೆಪಟೈಟಿಸ್ ಸಿ ಔಷಧ ಯಾರ ಸ್ವತ್ತು?

2013ರ ಡಿಸೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೋಫೋಸ್ಬುವಿರ್ ಎಂಬ ಔಷಧಕ್ಕೆ ಒಪ್ಪಿಗೆ ನೀಡಿತು. ಗಿಲಿಯಡ್ ಸೈನ್ಸಸ್ ಕಂಪನಿ ಅದನ್ನು ಸೋವಾಲ್ಡಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ದಿನಕ್ಕೊಂದು ಮಾತ್ರೆ, ಹನ್ನೆರಡು ವಾರ. ಮಾತ್ರೆಯೊಂದಕ್ಕೆ 1,000 ಡಾಲರ್. ಪೂರ್ಣ ಚಿಕಿತ್ಸೆಗೆ 84,000 ಡಾಲರ್. ಮರುವರ್ಷ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಹಿಲ್ ಮತ್ತು ಸಂಗಡಿಗರು ಅದೇ ಹನ್ನೆರಡು ವಾರಗಳ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ತಗಲಬಹುದಾದ ವೆಚ್ಚವನ್ನು ಲೆಕ್ಕಹಾಕಿದರು. ಅವರ ಅಂದಾಜು 68ರಿಂದ 136 ಡಾಲರ್.

ಈ ಎರಡು ಸಂಖ್ಯೆಗಳ ನಡುವಿನ ಕಂದಕವನ್ನು ಸಮರ್ಥಿಸಲು ಒಂದು ವಾದ ಸದಾ ಸಿದ್ಧವಾಗಿರುತ್ತದೆ. ಬೆಲೆ ಹೆಚ್ಚಿರದಿದ್ದರೆ ಸಂಶೋಧನೆಯೇ ಇರುವುದಿಲ್ಲ, ಸಂಶೋಧನೆ ಇಲ್ಲದಿದ್ದರೆ ಔಷಧವೇ ಇರುವುದಿಲ್ಲ ಎಂಬ ವಾದವದು. ಅಮೆರಿಕದ ಔಷಧ ಕಂಪನಿಗಳಲ್ಲಿ, ಅವುಗಳಿಗೆ ತಂತ್ರಾಂಶ ಒದಗಿಸುವ ಸಂಸ್ಥೆಗಳಲ್ಲಿ ದುಡಿಯುವ ಅನಿವಾಸಿ ಭಾರತೀಯರ ನಡುವೆಯೂ ಈ ಮಾತು ಪ್ರಶ್ನಾತೀತ ಸತ್ಯದಂತೆ ಚಲಾವಣೆಯಲ್ಲಿದೆ. ವಾದದ ಸತ್ವವನ್ನು ಪರೀಕ್ಷಿಸಲು ಹೆಪಟೈಟಿಸ್ ಸಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಇಲ್ಲಿ ವಿಜ್ಞಾನ ಗೆದ್ದಿದೆ, ರೋಗ ಗುಣವಾಗುತ್ತದೆ, ಹಣದ ಲೆಕ್ಕವೂ ಬಹಿರಂಗವಾಗಿದೆ.

ಮೊದಲು ರೋಗದ ಮಾತು. ರಕ್ತದ ಮೂಲಕ ಹರಡುವ ಈ ವೈರಾಣು ಯಕೃತ್ತಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಕುಳಿತಿರಬಲ್ಲದು. ಕಡೆಗೆ ಅನೇಕರಲ್ಲಿ ಸಿರೋಸಿಸ್ ಆಗಿ, ಕೆಲವರಲ್ಲಿ ಯಕೃತ್ತಿನ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುತ್ತದೆ. 2011ರವರೆಗೂ ಇದ್ದ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬವಿರಿನ್ ಮಾತ್ರೆ. ಅನೇಕರಿಗೆ ಇದು 48 ವಾರಗಳ ಯಾತನೆ: ಜ್ವರ, ಮೈಕೈ ನೋವು, ರಕ್ತಹೀನತೆ, ಆತ್ಮಹತ್ಯೆಯ ಯೋಚನೆಯವರೆಗೂ ಎಳೆದೊಯ್ಯುವ ಖಿನ್ನತೆ. ಇಷ್ಟೆಲ್ಲ ಅನುಭವಿಸಿದ ಮೇಲೂ ಅಮೆರಿಕದಲ್ಲಿ ಹೆಚ್ಚಾಗಿ ಕಂಡುಬರುವ ಮೊದಲನೆಯ ಜೀನ್‌ಮಾದರಿಯ ಸೋಂಕಿನಲ್ಲಿ ಗುಣವಾಗುವವರು ಅರ್ಧದಷ್ಟು ಮಂದಿ ಮಾತ್ರ. ಹೊಸ ಮಾತ್ರೆಗಳ ಜೋಡಣೆ ನೂರಕ್ಕೆ ತೊಂಬತ್ತೈದು ಮಂದಿಯನ್ನು ಗುಣಪಡಿಸುತ್ತದೆ. ಈ ಸಾಧನೆಯ ಹಿರಿಮೆಯನ್ನು ಕಿರಿದುಗೊಳಿಸುವ ಅಗತ್ಯ ಯಾರಿಗೂ ಇಲ್ಲ. ಕೇಳಬೇಕಾದ ಪ್ರಶ್ನೆ, ಸಾಧನೆ ಯಾರದು ಎಂಬುದು.

1970ರ ದಶಕದಲ್ಲಿ ಹಾರ್ವೆ ಆಲ್ಟರ್ ರಕ್ತ ಪಡೆದ ರೋಗಿಗಳಲ್ಲಿ ಎ ಅಲ್ಲದ, ಬಿ ಅಲ್ಲದ ಮತ್ತೊಂದು ಹೆಪಟೈಟಿಸ್ ಇದೆಯೆಂದು ತೋರಿಸಿದಾಗ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ, ಅಂದರೆ ಸರ್ಕಾರದ, ನೌಕರರಾಗಿದ್ದರು. 1989ರಲ್ಲಿ ವೈರಾಣುವನ್ನು ಗುರುತಿಸಿದ ಮೈಕಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಕೈರಾನ್ ಎಂಬ ಖಾಸಗಿ ಕಂಪನಿಯವರು; ಆದರೆ ಆ ಶೋಧಕ್ಕೆ ಬೇಕಾದ ಸೋಂಕಿತ ಚಿಂಪಾಂಜಿಯ ರಕ್ತದ್ರವ ಬಂದದ್ದು ಸರ್ಕಾರಿ ರೋಗ ನಿಯಂತ್ರಣ ಕೇಂದ್ರದ ಡೇನಿಯಲ್ ಬ್ರಾಡ್ಲಿ ಅವರಿಂದ. ವೈರಾಣು ಸಿಕ್ಕಿದರೂ ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಬೆಳೆಯಲು ಒಪ್ಪಲಿಲ್ಲ. ಬೆಳೆಯದ ವೈರಾಣುವಿನ ಮೇಲೆ ಔಷಧವನ್ನು ಪರೀಕ್ಷಿಸುವುದು ಹೇಗೆ? ಹತ್ತು ವರ್ಷ ಕಾಡಿದ ಈ ತೊಡಕನ್ನು 1999ರಲ್ಲಿ ಜರ್ಮನಿಯ ಮೈನ್ಜ್ ವಿಶ್ವವಿದ್ಯಾಲಯದಲ್ಲಿ ಬಿಡಿಸಿದವರು ರಾಲ್ಫ್ ಬಾರ್ಟೆನ್‌ಶ್ಲಾಗರ್ ಮತ್ತು ವೋಲ್ಕರ್ ಲೋಮನ್. ಪೂರ್ಣ ವೈರಾಣುವಿನ ಬದಲು, ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಅದರ ಆರ್‌ಎನ್‌ಎ ತುಣುಕೊಂದನ್ನು ಅವರು ಜೀವಕೋಶದಲ್ಲಿ ನೆಲೆಗೊಳಿಸಿದರು. ಮುಂದೆ ಬಂದ ಔಷಧಗಳು ಪಳಗಿದ್ದು ಈ ಒರೆಗಲ್ಲಿನ ಮೇಲೆ.

ಈ ವೈರಾಣು ಎಚ್‌ಐವಿಯಂತೆ ಮನುಷ್ಯನ ಡಿಎನ್‌ಎಯೊಳಗೆ ಸೇರಿಕೊಂಡು ಅವಿತುಕೊಳ್ಳುವುದಿಲ್ಲ. ಅದರ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವವನ್ನು ಸಾಕಷ್ಟು ದಿನ ತಡೆದರೆ ಸೋಂಕು ಬೇರುಸಹಿತ ಹೋಗುತ್ತದೆ. ಸೋಫೋಸ್ಬುವಿರ್ ಮಾಡುವುದು ಅದನ್ನೇ. ಅದು ಆರ್‌ಎನ್‌ಎ ಸರಪಳಿಗೆ ಸೇರುವ ಹುಸಿ ಕೊಂಡಿ. ಸೇರಿದೊಡನೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಈ ಹುಸಿ ಕೊಂಡಿಗೆ ಮುಸುಕು ಹೊದಿಸಿ ಜೀವಕೋಶದೊಳಗೆ ದಾಟಿಸುವ ರಾಸಾಯನಿಕ ತಂತ್ರವನ್ನು ರೂಪಿಸಿದವರು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಕ್ರಿಸ್ ಮೆಕ್‌ಗಿಗನ್. ಆ ತಂತ್ರವನ್ನು ಬಳಸಿ ಔಷಧವನ್ನು ಸಂಯೋಜಿಸಿದವರು ಫಾರ್ಮಾಸೆಟ್ ಎಂಬ ಸಣ್ಣ ಕಂಪನಿಯ ಮೈಕಲ್ ಸೋಫಿಯಾ ಮತ್ತು ಅವರ ತಂಡ. ಔಷಧದ ಹೆಸರಿನಲ್ಲಿಯೇ ಅವರ ಹೆಸರಿದೆ.

2013ರಲ್ಲಿ, ಸೋವಾಲ್ಡಿ ಮಾರುಕಟ್ಟೆಗೆ ಬಂದ ವರ್ಷವೇ, ಹೌಟನ್ ಅವರಿಗೆ ಕೆನಡಾದ ಪ್ರತಿಷ್ಠಿತ ಗೇರ್ಡ್ನರ್ ಪ್ರಶಸ್ತಿ ಘೋಷಣೆಯಾಯಿತು. ಚೂ ಮತ್ತು ಕುವೊ ಅವರನ್ನು ಬಿಟ್ಟು ತನಗೊಬ್ಬನಿಗೇ ಸಲ್ಲುವ ಗೌರವ ಬೇಡವೆಂದು ಅವರು ಒಂದು ಲಕ್ಷ ಡಾಲರಿನ ಆ ಪ್ರಶಸ್ತಿಯನ್ನು ನಿರಾಕರಿಸಿದರು. ವಿಜ್ಞಾನವು ಹಲವರ ದುಡಿಮೆಯೆಂದು ವಿಜ್ಞಾನಿಗೆ ಗೊತ್ತಿತ್ತು. ಫಲವನ್ನು ಕಟಾವು ಮಾಡಲು ಬಂದವರಿಗೆ ಅದು ನೆನಪಾಗಲಿಲ್ಲ.

ಇನ್ನು ಹಣದ ಲೆಕ್ಕ. ಗಿಲಿಯಡ್ ಈ ಔಷಧವನ್ನು ಕಂಡುಹಿಡಿಯಲಿಲ್ಲ, ಕೊಂಡುಕೊಂಡಿತು. ಔಷಧ ಅಂತಿಮ ಹಂತದ ಪ್ರಯೋಗಗಳಿಗೆ ಕಾಲಿಟ್ಟಿದ್ದ ಹೊತ್ತಿನಲ್ಲಿ ಫಾರ್ಮಾಸೆಟ್ ಕಂಪನಿಯನ್ನು ಸುಮಾರು 1,100 ಕೋಟಿ ಡಾಲರಿಗೆ ಖರೀದಿಸಿತು. ಅಮೆರಿಕದ ಸೆನೆಟ್ಟಿನ ಹಣಕಾಸು ಸಮಿತಿಯ ಡೆಮೊಕ್ರಾಟ್ ಸದಸ್ಯ ರಾನ್ ವೈಡನ್ ಮತ್ತು ರಿಪಬ್ಲಿಕನ್ ಸದಸ್ಯ ಚಕ್ ಗ್ರಾಸ್ಲಿ ಹದಿನೆಂಟು ತಿಂಗಳು ಕಂಪನಿಯ ಆಂತರಿಕ ದಾಖಲೆಗಳನ್ನು ಜಾಲಾಡಿ 2015ರ ಡಿಸೆಂಬರ್‌ನಲ್ಲಿ ವರದಿ ಪ್ರಕಟಿಸಿದರು. ಈ ಔಷಧದ ಅಭಿವೃದ್ಧಿಗೆ ಫಾರ್ಮಾಸೆಟ್ ವೆಚ್ಚ ಮಾಡಿದ್ದು ಸುಮಾರು 6.2 ಕೋಟಿ ಡಾಲರ್. ಅದು ಯೋಚಿಸಿದ್ದ ಬೆಲೆ ಚಿಕಿತ್ಸೆಯೊಂದಕ್ಕೆ 36,000 ಡಾಲರ್. ಅದನ್ನು ಎರಡು ಪಟ್ಟಿಗೂ ಮೀರಿ ಏರಿಸಿದ ಗಿಲಿಯಡ್‌ನ ಉದ್ದೇಶ ಆದಾಯವನ್ನು ಗರಿಷ್ಠಗೊಳಿಸುವುದಾಗಿತ್ತು; ಈ ಬೆಲೆಗೆ ಅನೇಕರು ಚಿಕಿತ್ಸೆಯಿಂದ ಹೊರಗುಳಿಯುತ್ತಾರೆಂಬುದು ಕಂಪನಿಗೆ ಮೊದಲೇ ತಿಳಿದಿತ್ತು. ಇದು ಯಾವುದೋ ಎಡಪಂಥೀಯ ಕರಪತ್ರದ ಆರೋಪವಲ್ಲ, ಎರಡೂ ಪಕ್ಷಗಳ ಸೆನೆಟರುಗಳ ತೀರ್ಮಾನ.

ಸಂಶೋಧನೆಯ ವೆಚ್ಚವನ್ನು ಮರಳಿ ಪಡೆಯುವುದಕ್ಕಾಗಿ ಈ ಬೆಲೆ ಎನ್ನುವವರು ಇನ್ನೊಂದು ಅಂಕಿಯನ್ನೂ ನೋಡಬೇಕು. ಗಿಲಿಯಡ್‌ನ ಹೆಪಟೈಟಿಸ್ ಸಿ ಔಷಧಗಳ ಮಾರಾಟ 2014ರಲ್ಲಿ ಸುಮಾರು 1,240 ಕೋಟಿ ಡಾಲರ್, 2015ರಲ್ಲಿ ಸುಮಾರು 1,910 ಕೋಟಿ ಡಾಲರ್. ಫಾರ್ಮಾಸೆಟ್ ಖರೀದಿಯ ಮೊತ್ತಕ್ಕೂ ಮಿಗಿಲಾದ ಹಣ ಮೊದಲ ವರ್ಷದ ಮಾರಾಟದಲ್ಲಿಯೇ ಬಂದಿತ್ತು. ಗಿಲಿಯಡ್ ನಡೆಸಿದ ವೈದ್ಯಕೀಯ ಪ್ರಯೋಗಗಳು ನಿಜವಾದವು, ದುಬಾರಿಯಾದವು, ಅಗತ್ಯವಾದವು. ಅವಕ್ಕೆ ಪ್ರತಿಫಲ ಸಲ್ಲಲೇಬೇಕು. ಆದರೆ ಬಂಡವಾಳ ವರ್ಷದೊಳಗೆ ಕೈಸೇರಿದ ಮೇಲೂ ಬೆಲೆ ಇಳಿಯದಿದ್ದಾಗ ಆ ಬೆಲೆಗೆ ಸಂಶೋಧನೆಯ ಹೆಸರಿಡುವುದು ಪ್ರಾಮಾಣಿಕತೆಯಲ್ಲ.

ಯಕೃತ್ತಿನ ಕಸಿಗಿಂತ ಈ ಚಿಕಿತ್ಸೆ ಅಗ್ಗ ಎಂಬುದು ಎರಡನೆಯ ಸಮರ್ಥನೆ. ತೋಳ ಬಿದ್ದರೆ ಆಳಿಗೊಂದು ಕಲ್ಲು ಎಂಬಂತೆ, ಕಷ್ಟಕ್ಕೆ ಸಿಕ್ಕಿದವನಿಂದ ಎಷ್ಟು ಕೀಳಬಹುದೋ ಅಷ್ಟನ್ನು ಕೀಳುವ ತರ್ಕ ಇದು. ಬಾವಿಯ ನೀರಿಗೆ ಬೆಲೆ ಕಟ್ಟುವಾಗ ಬಾಯಾರಿದವನ ಪ್ರಾಣದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದನ್ನು ಯಾವ ಊರಿನ ನ್ಯಾಯವೂ ಒಪ್ಪುವುದಿಲ್ಲ. ಅದೇ ತರ್ಕದಲ್ಲಿ ಪೋಲಿಯೊ ಲಸಿಕೆಯ ಬೆಲೆಯನ್ನು ಜೀವಮಾನವಿಡೀ ಬಳಸಬೇಕಾದ ಗಾಲಿಕುರ್ಚಿಯ ಬೆಲೆಯೊಂದಿಗೆ ಹೋಲಿಸಿ ನಿಗದಿಪಡಿಸಬೇಕಾಗುತ್ತದೆ.

ಬೆಲೆಯ ಪರಿಣಾಮ ಬಿದ್ದದ್ದು ಯಾರ ಮೇಲೆ? ಬಡವರ ವಿಮಾ ಯೋಜನೆಯಾದ ಮೆಡಿಕೇಡ್‌ನ ವ್ಯಾಪ್ತಿಯಲ್ಲಿ ಸುಮಾರು ಏಳು ಲಕ್ಷ ಸೋಂಕಿತರಿದ್ದರು. ಸೆನೆಟ್ ವರದಿಯ ಪ್ರಕಾರ 2014ರಲ್ಲಿ, ರಿಯಾಯಿತಿಗಳನ್ನು ಕಳೆಯುವ ಮೊದಲು, 130 ಕೋಟಿ ಡಾಲರ್ ಸುರಿದರೂ ಔಷಧ ಸಿಕ್ಕಿದ್ದು ಅವರಲ್ಲಿ ಶೇಕಡಾ 2.4ಕ್ಕಿಂತ ಕಡಿಮೆ ಮಂದಿಗೆ. ರಾಜ್ಯಗಳು ಪಡಿತರ ಪದ್ಧತಿಗೆ ಇಳಿದವು. ಯಕೃತ್ತು ತೀವ್ರವಾಗಿ ಗಾಯಗೊಳ್ಳುವವರೆಗೆ ಔಷಧವಿಲ್ಲ ಎಂದವು ಹಲವು. ಇಂತಿಷ್ಟು ತಿಂಗಳು ಮದ್ಯ, ಮಾದಕವಸ್ತು ಮುಟ್ಟಿಲ್ಲವೆಂದು ಸಾಬೀತುಪಡಿಸಿದವರಿಗಷ್ಟೇ ಔಷಧ ಎಂದವು ಕೆಲವು. ಸೆರೆಮನೆಯಲ್ಲಿದ್ದ ಸೋಂಕಿತರು ಒಂದು ಮಾತ್ರೆಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಗುಣಪಡಿಸಬಲ್ಲ ಔಷಧ ಕಪಾಟಿನಲ್ಲಿರುವಾಗ ರೋಗಿಗೆ ‘ಇನ್ನಷ್ಟು ಕೆಟ್ಟ ಮೇಲೆ ಬಾ’ ಎಂದು ಹೇಳಿ ಕಳಿಸಿದ ವ್ಯವಸ್ಥೆಯನ್ನು ದಕ್ಷ ಮಾರುಕಟ್ಟೆ ಎಂದು ಕರೆಯಲು ವಿಶೇಷ ಧೈರ್ಯ ಬೇಕು.

ಇದೇ ಹೊತ್ತಿನಲ್ಲಿ ಭಾರತದ ಔಷಧ ಅಂಗಡಿಗಳಲ್ಲಿ ಬೇರೆಯೇ ಚಿತ್ರವಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಭಾರತದ ಏಳು ಕಂಪನಿಗಳಿಗೆ 91 ದೇಶಗಳಲ್ಲಿ ಮಾರಲು ಪರವಾನಗಿ ನೀಡಿತು. ಬೆಂಗಳೂರು ಮೂಲದ ಸ್ಟ್ರೈಡ್ಸ್ ಅವುಗಳಲ್ಲಿ ಒಂದು. ಅನಂತರ ಬಯೋಕಾನ್ ಕೂಡ ಸೇರಿತು. ಪೂರ್ಣ ಚಿಕಿತ್ಸೆಯ ಬೆಲೆ ಸಾವಿರ ಡಾಲರಿಗಿಂತ ಕೆಳಗಿಳಿಯಿತು, ಮುಂದೆ ಇನ್ನೂ ಇಳಿಯಿತು. 2015ರಲ್ಲಿ ತಾಸ್ಮೇನಿಯಾದ ರೋಗಿಯೊಬ್ಬರು ತಮ್ಮ ದೇಶದಲ್ಲಿ ಕೈಗೆಟುಕದ ಔಷಧಕ್ಕಾಗಿ ಚೆನ್ನೈಗೆ ವಿಮಾನ ಹತ್ತಿ, ಗುಣವಾಗಿ, ಇತರ ರೋಗಿಗಳಿಗೂ ದಾರಿ ತೋರಿಸಿದರು.

ಈ ಪರವಾನಗಿಯನ್ನು ಕಂಪನಿಯ ಔದಾರ್ಯವೆಂದು ಹೊಗಳುವವರಿದ್ದಾರೆ. ಆ ಔದಾರ್ಯ ಕಾನೂನಿನ ನೆರಳಿನಲ್ಲಿ ಹುಟ್ಟಿದ್ದೆಂಬುದನ್ನು ಮರೆಯಬಾರದು. ತಿಳಿದಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಹೆಚ್ಚದ ಹೊರತು, ಪೇಟೆಂಟ್ ಕೊಡಬಾರದೆನ್ನುತ್ತದೆ ಭಾರತದ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ). ಇದನ್ನು ಆಧರಿಸಿಯೇ ಸುಪ್ರೀಂ ಕೋರ್ಟ್ 2013ರಲ್ಲಿ ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಕ್ಕೆ ಪೇಟೆಂಟ್ ನಿರಾಕರಿಸಿತ್ತು. ಸೋಫೋಸ್ಬುವಿರ್‌ನ ಒಂದು ಅರ್ಜಿಯನ್ನೂ ಭಾರತದ ಪೇಟೆಂಟ್ ಕಚೇರಿ 2015ರ ಜನವರಿಯಲ್ಲಿ ತಳ್ಳಿಹಾಕಿತು. ದೆಹಲಿ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟು ಮರುಪರಿಶೀಲನೆಗೆ ಕಳಿಸಿದ ಮೇಲೆ 2016ರ ಮೇ ತಿಂಗಳಲ್ಲಿ ಪೇಟೆಂಟ್ ದೊರೆಯಿತು. ಪರವಾನಗಿಯ ಪಟ್ಟಿಯಿಂದ ಬ್ರೆಜಿಲ್, ಚೀನಾದಂಥ ದೇಶಗಳನ್ನು ಹೊರಗಿಟ್ಟಿದ್ದೂ ಅದೇ ಔದಾರ್ಯ. ಮಲೇಷ್ಯಾವನ್ನು ಪಟ್ಟಿಗೆ ಸೇರಿಸಿಕೊಂಡದ್ದು 2017ರಲ್ಲಿ, ಅಲ್ಲಿನ ಸರ್ಕಾರ ಪೇಟೆಂಟನ್ನು ಬದಿಗೊತ್ತಿ ಔಷಧ ತರಿಸುವ ಅಧಿಕಾರವನ್ನು ಚಲಾಯಿಸಲು ಹೊರಟಾಗ.

ಅನಿವಾಸಿ ಭಾರತೀಯರ ಹೊಣೆ ಇರುವುದು ಇಲ್ಲಿ. ಇದೇ ಸೆಕ್ಷನ್ 3(ಡಿ)ಯನ್ನು ಮುಂದೊಡ್ಡಿ ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕಚೇರಿ ವರ್ಷ ವರ್ಷವೂ ಭಾರತವನ್ನು ತನ್ನ ಆದ್ಯತಾ ನಿಗಾ ಪಟ್ಟಿಯಲ್ಲಿ ಇಡುತ್ತ ಬಂದಿದೆ. ಊರಿನ ತಂದೆತಾಯಿಯರ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಅಗ್ಗವಾಗಿ ಸಿಗುವುದು ಭಾರತದ ಜನೆರಿಕ್ ಉದ್ಯಮದಿಂದ. ರಜೆ ಮುಗಿಸಿ ಮರಳುವಾಗ ಸೂಟ್‌ಕೇಸಿನಲ್ಲಿ ಆರು ತಿಂಗಳ ಮಾತ್ರೆ ತುಂಬಿಕೊಳ್ಳುವವರೇ, ಭಾರತಕ್ಕೆ ಬೌದ್ಧಿಕ ಆಸ್ತಿಯ ಬೆಲೆ ಗೊತ್ತಿಲ್ಲವೆಂದು ಮೂಗು ಮುರಿಯುವುದು ದ್ವಂದ್ವವಲ್ಲದೆ ಮತ್ತೇನು? ಮತ ಚಲಾಯಿಸುವ, ದೇಣಿಗೆ ನೀಡುವ, ಜನಪ್ರತಿನಿಧಿಗಳ ಕಚೇರಿಗೆ ಪತ್ರ ಬರೆಯುವ ಶಕ್ತಿಯುಳ್ಳ ಈ ಸಮುದಾಯ ಆ ಕಾಯ್ದೆಯ ಪರವಾಗಿ ಬಾಯಿ ತೆರೆದದ್ದು ತೀರ ಅಪರೂಪ.

ಬೇರೆ ದಾರಿಗಳಿಲ್ಲವೆಂದಲ್ಲ; ಅವು ನಡೆದು ತೋರಿಸಿದ ದಾರಿಗಳು. ಆಸ್ಟ್ರೇಲಿಯಾ ಸರ್ಕಾರ ಐದು ವರ್ಷಕ್ಕೆ ಸುಮಾರು ನೂರು ಕೋಟಿ ಆಸ್ಟ್ರೇಲಿಯನ್ ಡಾಲರಿನ ಇಡಿಗಂಟನ್ನು ಗೊತ್ತುಪಡಿಸಿ, 2016ರ ಮಾರ್ಚ್‌ನಿಂದ ರೋಗದ ಹಂತ ಕೇಳದೆ, ಕೈದಿಗಳನ್ನೂ ಬಿಡದೆ ಔಷಧ ಕೊಟ್ಟಿತು. ಹೆಚ್ಚು ಮಂದಿಗೆ ಕೊಟ್ಟಷ್ಟೂ ತಲಾ ವೆಚ್ಚ ಇಳಿಯುವ ಲೆಕ್ಕವದು. 2019ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯವೂ ಇಂಥದೇ ಒಪ್ಪಂದಕ್ಕೆ ಬಂದಿತು. ಲಾಭವನ್ನು ಗುರಿಯಾಗಿಸಿಕೊಳ್ಳದ ಡಿಎನ್‌ಡಿಐ ಸಂಸ್ಥೆ ಈಜಿಪ್ಟಿನ ಕಂಪನಿಯೊಂದರ ಜೊತೆ ಸೇರಿ ರಾವಿದಾಸ್ವಿರ್ ಎಂಬ ಹೊಸ ಔಷಧವನ್ನು ಬೆಳೆಸಿತು. 2021ರಲ್ಲಿ ಮಲೇಷ್ಯಾ ಅದಕ್ಕೆ ಒಪ್ಪಿಗೆ ನೀಡಿತು. ಸಾವಿರ ಡಾಲರಿನ ಮಾತ್ರೆಯ ಆಮಿಷವಿಲ್ಲದೆಯೂ ಔಷಧ ಹುಟ್ಟಬಲ್ಲದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಈಜಿಪ್ಟಿನ ಕಥೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಈ ಸೋಂಕು ಹರಡಿದ್ದೇ ಸರ್ಕಾರಿ ಸೂಜಿಯಿಂದ. 1950ರಿಂದ 80ರ ದಶಕದವರೆಗೆ ಶಿಸ್ಟೊಸೋಮಿಯಾಸಿಸ್ ಎಂಬ ಹುಳುರೋಗದ ವಿರುದ್ಧ ನಡೆದ ಚುಚ್ಚುಮದ್ದಿನ ಅಭಿಯಾನದಲ್ಲಿ ಸರಿಯಾಗಿ ಶುದ್ಧಗೊಳಿಸದ ಸೂಜಿಗಳನ್ನು ಮತ್ತೆ ಮತ್ತೆ ಬಳಸಲಾಗಿತ್ತು. ಜಗತ್ತಿನಲ್ಲೇ ಅತಿಹೆಚ್ಚು ಪ್ರಮಾಣದ ಸೋಂಕು ಹೊತ್ತ ಆ ದೇಶ 2014ರಲ್ಲಿ ಚಿಕಿತ್ಸೆಯೊಂದಕ್ಕೆ 900 ಡಾಲರಿನಂತೆ ಚೌಕಾಸಿ ಮಾಡಿತು. ಆಮೇಲೆ ಸ್ಥಳೀಯ ಕಂಪನಿಗಳ ಔಷಧ ನೂರು ಡಾಲರಿಗೂ ಕೆಳಗಿಳಿಯಿತು. 2018–19ರಲ್ಲಿ ಏಳು ತಿಂಗಳಲ್ಲಿ ಸುಮಾರು ಐದು ಕೋಟಿ ಜನರ ರಕ್ತ ಪರೀಕ್ಷಿಸಿ, ಸೋಂಕಿತರಿಗೆ ಉಚಿತ ಚಿಕಿತ್ಸೆ ನೀಡಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಸಿ ನಿರ್ಮೂಲನದ ಹಾದಿಯಲ್ಲಿ ‘ಸುವರ್ಣ’ ಶ್ರೇಣಿ ಮುಟ್ಟಿದ ಮೊದಲ ದೇಶವೆಂದು ಈಜಿಪ್ಟನ್ನು ಗೌರವಿಸಿತು.

ಅದೇ 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ದೇಶದ ಲೆಕ್ಕವನ್ನು ಪ್ರಕಟಿಸಿತು. ಔಷಧ ಹುಟ್ಟಿದ ನೆಲದಲ್ಲಿ, ಔಷಧ ಬಂದ ಹತ್ತು ವರ್ಷಗಳಲ್ಲಿ, ಸೋಂಕು ಪತ್ತೆಯಾದವರಲ್ಲಿ ಅದರಿಂದ ಮುಕ್ತರಾದವರು ಶೇಕಡಾ 34 ಮಾತ್ರ. ಈ ವೇಳೆಗೆ ಪೈಪೋಟಿಯಿಂದ ಬೆಲೆ ಮೂರನೆಯ ಒಂದು ಭಾಗಕ್ಕಿಂತ ಕೆಳಗೆ ಬಂದಿತ್ತು. ಆದರೆ ಬೆಲೆಯ ಹೆದರಿಕೆಯಲ್ಲಿ ಕಟ್ಟಿದ ಬೇಲಿಗಳು ಬೆಲೆ ಇಳಿದೊಡನೆ ತಾವಾಗಿ ಬೀಳುವುದಿಲ್ಲ. ಒಂದೊಂದು ರಾಜ್ಯದಲ್ಲಿಯೂ ಹೋರಾಡಿ ಕೀಳಿಸಬೇಕಾಗಿದೆ.

ಭಾರತವೂ ಬೆನ್ನು ತಟ್ಟಿಕೊಂಡು ಕೂರುವ ಸ್ಥಿತಿಯಲ್ಲಿಲ್ಲ. ಜಗತ್ತಿಗೆ ಈ ಔಷಧವನ್ನು ಅಗ್ಗವಾಗಿ ಒದಗಿಸಿದ ದೇಶದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ, 55 ಲಕ್ಷ ಸೋಂಕಿತರಿದ್ದಾರೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಔಷಧ ಉಚಿತ. ಆದರೂ ರಕ್ತ ಪರೀಕ್ಷೆ ತಲುಪದವನಿಗೆ ತನಗೆ ರೋಗವಿರುವುದೇ ತಿಳಿಯದು. ಡಯಾಲಿಸಿಸ್ ಮಂಚದ ಮೇಲಿರುವವರು, ಥಲಸ್ಸೀಮಿಯಾಕ್ಕಾಗಿ ಮತ್ತೆ ಮತ್ತೆ ರಕ್ತ ಪಡೆಯುವ ಮಕ್ಕಳು, ಸೂಜಿ ಹಂಚಿಕೊಳ್ಳುವ ಪಂಜಾಬ್, ಮಣಿಪುರದ ಯುವಕರು, ಇವರನ್ನು ಹುಡುಕಿಕೊಂಡು ಹೋಗುವುದರಲ್ಲಿ ಯಾವ ಕಂಪನಿಗೂ ಲಾಭವಿಲ್ಲ. ಅದು ಸರ್ಕಾರದ ಕೆಲಸ, ಸಮಾಜದ ಕೆಲಸ.

2022ರಲ್ಲಿ ಹೆಪಟೈಟಿಸ್ ಸಿಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 2,42,000 ಮಂದಿ. ಹನ್ನೆರಡು ವಾರದ ಮಾತ್ರೆಯಿಂದ ಗುಣವಾಗುವ ರೋಗಕ್ಕೆ ಇಷ್ಟು ಜನ ಬಲಿಯಾದರು. ಮುಂದೆ ಕ್ಷಯಕ್ಕೋ ಕ್ಯಾನ್ಸರಿಗೋ ಮತ್ತೊಂದು ಇಂಥ ಮದ್ದು ಬರುತ್ತದೆ. ಅದರ ಬೆಲೆ ನಿಗದಿಯಾಗುವ ದಿನ ಇದೇ ಹಳೆಯ ವಾದವೂ ಎದ್ದು ನಿಲ್ಲುತ್ತದೆ. ಅಂದು ಅದಕ್ಕೆ ತಲೆದೂಗುವ ಮೊದಲು, ಔಷಧವಿದ್ದೂ ಸತ್ತವರ ಈ ಲೆಕ್ಕವನ್ನು ಮುಂದಿಟ್ಟು ಉತ್ತರ ಕೇಳಬೇಕು.