ಬೇಲಿಗೆ ಒಂದೇ ಗಿಡ ಸಾಕೇ?

ಹೊಸ ಬಡಾವಣೆಗಳ ಕಾಂಪೌಂಡಿನೊಳಗೆ ಇಣುಕಿದರೆ ಬಹುಮಟ್ಟಿಗೆ ಒಂದೇ ನೋಟ: ಹಳದಿ ಎಲೆಯ ಡ್ಯುರಾಂಟ ಬೇಲಿ, ನಡುವೆ ನಾಲ್ಕು ಕ್ರೋಟನ್, ಮೂಲೆಯಲ್ಲೊಂದು ದಾಸವಾಳ. ಡ್ಯುರಾಂಟ ಅಮೆರಿಕದ ಉಷ್ಣವಲಯದ ಗಿಡ. ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ, ನಿಜ. ಆದರೆ ಬೀದಿಗೆ ಬೀದಿಯೇ ಒಂದೇ ಗಿಡ ನೆಟ್ಟರೆ, ಅದನ್ನು ಮೆಚ್ಚುವ ಕೀಟಕ್ಕೆ ಅದು ಹಬ್ಬದೂಟ.

2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟುತಿಗಣೆ ಹಿಪ್ಪುನೇರಳೆ, ದಾಸವಾಳಗಳನ್ನೂ ಬಿಡಲಿಲ್ಲ. ಅದನ್ನು ಹದ್ದುಬಸ್ತಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಪರಾವಲಂಬಿ ಕಣಜ. ಇಂಥ ಕಣಜಗಳಲ್ಲಿ ಹಲವಕ್ಕೆ ಮಕರಂದವೇ ಆಹಾರ. ತಿಂಗಳಿಗೊಮ್ಮೆ ಕತ್ತರಿಸುವ ಬೇಲಿಯಲ್ಲಿ ಹೂವೆಲ್ಲಿಂದ ಬರಬೇಕು?

ಬೇಲಿಗೆ ಬೇಕಾದದ್ದು ವರ್ಷವಿಡೀ ಹಸಿರಾಗಿರುವ ಅಗಲ ಎಲೆಯ ಪೊದೆ. ನಿತ್ಯಹರಿದ್ವರ್ಣವೆಂದರೆ ಎಲೆ ಉದುರುವುದೇ ಇಲ್ಲವೆಂದಲ್ಲ. ಎಲ್ಲವೂ ಒಟ್ಟಿಗೇ ಉದುರುವುದಿಲ್ಲ, ಅಷ್ಟೆ. ಇಂಥ ಗಿಡಗಳು ನಮ್ಮಲ್ಲೇ ಬೇಕಾದಷ್ಟಿವೆ.

ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಬಂದರಿಕೆಯನ್ನು ನೋಡಿ. ಎಲೆಯ ಮೇಲಿನ ಅಂಟು ಲೇಪ ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ಬೇರೂರಿದ ಮೇಲೆ ಬೇಸಿಗೆಯಲ್ಲೂ ಹೆಚ್ಚು ನೀರು ಕೇಳದು. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಬಿತ್ತಬೇಕು.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಅಪವಾದ ಆಡುಸೋಗೆ. ಅದರ ಕಹಿ ರಾಸಾಯನಿಕವೇ ಅದಕ್ಕೆ ಕಾವಲು. ಬಿಡಾಡಿ ದನಗಳ ಕಾಟವಿರುವ ಕಡೆ ಇದು ಹೇಳಿಮಾಡಿಸಿದ ಗಿಡ. ಕಡ್ಡಿ ನೆಟ್ಟರೆ ಚಿಗುರುತ್ತದೆ.

ಮುಳ್ಳುಬೇಲಿಯೇ ಬೇಕೆಂದರೆ ಕವಳಿ, ಅಂದರೆ ಕರಾವಳಿಯವರ ಕರಂಡೆ. ಬೇಲಿಯೂ ಆಯಿತು, ಉಪ್ಪಿನಕಾಯಿಯೂ ಆಯಿತು.

ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಕೆಂಪು ಕೇಪಳ ಒಪ್ಪುತ್ತದೆ. ಉದ್ದ ಕೊಳವೆಯ ಹೂವಿಗೆ ಚಿಟ್ಟೆಗಳು, ಹಣ್ಣಿಗೆ ಹಕ್ಕಿಗಳು ಬರುತ್ತವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ದೊರಕದೆ ಇದರ ಎಲೆ ಹಳದಿಯಾಗುತ್ತದೆ. ಅಲ್ಲಿ ನೆಡದಿರುವುದೇ ಲೇಸು.

ಬಿಳಿ ಹೂವಿನ ಕಾಡು ಕರಿಬೇವಿನ ಕಂಪಿಗೆ ಮರುಳಾಗದವರಿಲ್ಲ. ಆದರೆ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಇದರಲ್ಲೂ ಬೆಳೆಯುತ್ತದೆ. ಕಿತ್ತಳೆ ತೋಟದ ಪಕ್ಕದಲ್ಲಿ ಇದು ಬೇಡ.

ಹೀಗೆ ಪ್ರತಿ ಗಿಡಕ್ಕೂ ತನ್ನದೇ ಗುಣ, ತನ್ನದೇ ದೋಷ. ಆದ್ದರಿಂದಲೇ ಒಂದನ್ನೇ ನೆಚ್ಚಬಾರದು. ಬೇಲಿಗೆ ಇಪ್ಪತ್ತು ಗಿಡ ಬೇಕಿದ್ದರೆ ಮಣ್ಣು, ನೀರು ನೋಡಿಕೊಂಡು ಮೂರು ನಾಲ್ಕು ಜಾತಿ ಆರಿಸಿ, ಬೆರೆಸಿ ನೆಡಬೇಕು. ಮುಂಗಾರಿನ ಮೊದಲ ಮಳೆ ಇದಕ್ಕೆ ಒಳ್ಳೆಯ ಕಾಲ. ನರ್ಸರಿಯಲ್ಲಿ ಸಿಗದಿದ್ದರೆ ಕಾಡಿನ ಗಿಡ ಕೀಳುವುದು ಬೇಡ. ಪರಿಚಯದವರ ತೋಟದಿಂದ ಒಂದು ಹಿಡಿ ಬೀಜ, ನಾಲ್ಕು ಕಡ್ಡಿ ತಂದರೆ ಸಾಕು. ಕತ್ತರಿಗೂ ಆಗಾಗ ರಜೆ ಕೊಡಿ. ಹೂ ಬಿಡಲು ಬಿಟ್ಟ ಬೇಲಿ ಕೊಂಚ ಅಂಕುಡೊಂಕಾಗಿ ಕಂಡೀತು. ಅದರ ಮೇಲೆ ಕೂರುವ ಹಕ್ಕಿಗೆ ಆ ಚಿಂತೆಯಿಲ್ಲ.